‘ಎಲ್ಲಿ ಗಾಯ?’ ಎಂದು ಕೇಳುವ ಮೊದಲು: ಕೌಟುಂಬಿಕ ದೌರ್ಜನ್ಯ ದೇಹಕ್ಕೆ, ನೆನಪಿಗೆ, ಬದುಕಿಗೆ ಮಾಡುವ ಹಾನಿ

ಸಂಜೆಪಾಳಿ_ಸಹಾಯವಾಣಿ

ಮನೆಯೊಳಗಿನ ಹಿಂಸೆಯ ಮಾತು ಬಂದರೆ ಎಲ್ಲರೂ ಮೊದಲು ಹುಡುಕುವುದು ಗಾಯವನ್ನು. ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ನೆಂಟರಿಷ್ಟರ ನಡುವೆ ಇದೇ ಕಥೆ. ಕಡೆಗೆ ಏಟು ತಿಂದವರೇ ‘ಅಷ್ಟೇನೂ ಆಗಿಲ್ಲ ಬಿಡಿ’ ಅನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ, ಸಂಗಾತಿ ಇರುವ ಅಥವಾ ಹಿಂದೆ ಇದ್ದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 27ರಷ್ಟು ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಅದೇ ಸಂಸ್ಥೆಯ 2013ರ ವರದಿಯಲ್ಲಿ, ಹೀಗೆ ಹಿಂಸೆಗೆ ಒಳಗಾದವರಲ್ಲಿ ತಮಗೆ ಗಾಯವಾಗಿತ್ತು ಎಂದವರು ಶೇ 42. ಅಂದರೆ ಗಾಯ ನೋಡಿಯೇ ನಂಬುತ್ತೇವೆ ಅಂದರೆ ಅರ್ಧಕ್ಕಿಂತ ಹೆಚ್ಚು ಜನರನ್ನು ಬಾಗಿಲಲ್ಲೇ ವಾಪಸ್ ಕಳಿಸಿದ ಹಾಗೆ.

ಈ ಚರ್ಚಾ ವೇದಿಕೆಯಲ್ಲಿ ಆಸ್ಪತ್ರೆ, ಆಪ್ತಸಮಾಲೋಚನೆ, ಸಾಕ್ಷ್ಯ, ಮಕ್ಕಳ ರಕ್ಷಣೆ ಹೀಗೆ ಬೇರೆ ಬೇರೆ ಕಡೆ ಕೆಲಸ ಮಾಡುವವರಿದ್ದೀರಿ. ಅನುಕಂಪದ ಮಾತು ಎಲ್ಲ ಕಡೆ ಸಿಗುತ್ತದೆ. ಏನನ್ನು ಕೇಳಬೇಕು, ಏನನ್ನು ಬರೆದಿಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ದಯವಿಟ್ಟು ಬಿಡಿಸಿ ಬರೆಯಿರಿ.

ತುರ್ತು_ವಿಭಾಗ

ಹಾಗಾದರೆ ಕತ್ತಿನಿಂದ, ಅಂದರೆ ಕತ್ತು ಹಿಸುಕುವುದರಿಂದ ಶುರು ಮಾಡುತ್ತೇನೆ. ಅತಿ ಹೆಚ್ಚು ಅಪಾಯ ಇರುವುದೂ ಅಲ್ಲೇ, ಅತಿ ಕಡಿಮೆ ಗುರುತು ಉಳಿಯುವುದೂ ಅಲ್ಲೇ.

ಮೆದುಳಿನಿಂದ ರಕ್ತ ವಾಪಸ್ ತರುವ ಕತ್ತಿನ ಅಭಿಧಮನಿ ಮುಚ್ಚಲು ಚದರ ಇಂಚಿಗೆ ಸುಮಾರು 4.4 ಪೌಂಡ್ ಒತ್ತಡ ಸಾಕು. ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ ಮುಚ್ಚಲು ಸುಮಾರು 11 ಪೌಂಡ್. ಉಸಿರುನಾಳ ಮುಚ್ಚಲು 33 ಪೌಂಡ್ ಬೇಕು, ಹೆಚ್ಚುಕಡಿಮೆ ಕಾರಿನ ಚಕ್ರದ ಗಾಳಿಯಲ್ಲಿ ಇರುವಷ್ಟು ಒತ್ತಡ. ಹೀಗಾಗಿ ‘ಉಸಿರಾಡಲು ಆಗುತ್ತಿತ್ತು’ ಎಂದ ಮಾತ್ರಕ್ಕೆ ಅಪಾಯ ಇರಲಿಲ್ಲ ಎಂದಲ್ಲ. ಉಸಿರು ಆಡುತ್ತಿರುವಾಗಲೇ ಮೆದುಳಿಗೆ ರಕ್ತ ನಿಂತಿರಬಹುದು. 1943ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಯುವಕರ ಕತ್ತಿಗೆ ಪಟ್ಟಿ ಬಿಗಿದು ನೋಡಿದಾಗ ಸರಾಸರಿ ಏಳು ಸೆಕೆಂಡಿನೊಳಗೆ ಅವರ ಪ್ರಜ್ಞೆ ತಪ್ಪಿತ್ತು.

ಗುರುತಿನ ವಿಷಯ: ಅಮೆರಿಕದ ಸ್ಯಾನ್ ಡಿಯಾಗೊದ ಕತ್ತು ಹಿಸುಕಿದ ಬಗ್ಗೆ ದಾಖಲಾದ 300 ಪೊಲೀಸ್ ಪ್ರಕರಣಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಯ ಕತ್ತಿನ ಮೇಲೆ ಕಣ್ಣಿಗೆ ಕಾಣುವ ಗುರುತೇ ಇರಲಿಲ್ಲ. ಇನ್ನೂ ಶೇ 35 ಮಂದಿಯಲ್ಲಿ ಇದ್ದ ಗುರುತು ಫೋಟೊಗೆ ಸಿಗದಷ್ಟು ಸಣ್ಣದು. ಆದರೆ 2008ರ ಇನ್ನೊಂದು ಅಧ್ಯಯನದಂತೆ, ಹಿಂದೊಮ್ಮೆ ಸಂಗಾತಿ ಕತ್ತು ಹಿಸುಕಿದ್ದರೆ ಮುಂದೆ ಅದೇ ಕೈಯಿಂದ ಕೊಲೆಯಾಗುವ ಸಂಭವ ಏಳು ಪಟ್ಟಿಗಿಂತ ಹೆಚ್ಚು.

ಕೇಳಬೇಕಾದ್ದು: ‘ಕತ್ತಿಗೆ ಕೈ, ಮೊಣಕೈ, ಮೊಣಕಾಲು, ಬಟ್ಟೆ, ವಯರು ಏನಾದರೂ ಹಾಕಿ ಒತ್ತಿದರಾ?’ ‘ಕತ್ತು ಹಿಸುಕಿದರಾ?’ ಎಂದು ಕೇಳಿದರೆ ಬಹಳಷ್ಟು ಮಂದಿ ಇಲ್ಲ ಅನ್ನುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಆತ ‘ಸುಮ್ಮನೆ ಗೋಡೆಗೆ ಒತ್ತಿ ಹಿಡಿದಿದ್ದ’ ಅಷ್ಟೇ. ಆಮೇಲೆ ಕೇಳಿ: ಒಂದು ಕೈಯೋ ಎರಡೋ? ಎಷ್ಟು ಸಲ? ಕಣ್ಣು ಕತ್ತಲೆ ಬಂತಾ, ಕಿವಿ ಗುಂಯ್ ಅಂತಾ? ಒತ್ತುವಾಗ ಆತ ಏನು ಹೇಳುತ್ತಿದ್ದ? ನಡುವೆ ನೆನಪಿಲ್ಲದ ಭಾಗ ಇದೆಯಾ? ನಿಂತಿದ್ದವರು ಇದ್ದಕ್ಕಿದ್ದಂತೆ ನೆಲದ ಮೇಲಿದ್ದರಾ? ಬಟ್ಟೆಯಲ್ಲೇ ಮೂತ್ರ ಹೋಗಿತ್ತಾ? ಈ ಕಡೆಯ ಪ್ರಶ್ನೆ ಮುಜುಗರದ್ದು, ಆದರೆ ಬಿಡಬೇಡಿ. ಮೂತ್ರ ಹೋಗಿದ್ದರೆ ಪ್ರಜ್ಞೆ ತಪ್ಪಿತ್ತು ಎಂಬುದಕ್ಕೆ ಅದು ದೊಡ್ಡ ಸುಳಿವು. ಸ್ವತಃ ಅವರಿಗೆ ಪ್ರಜ್ಞೆ ತಪ್ಪಿದ್ದೇ ಗೊತ್ತಿರುವುದಿಲ್ಲ.

ನೋಡಬೇಕಾದ್ದು: ಕೆಳರೆಪ್ಪೆಯನ್ನು ಎಳೆದು ಒಳಗೆ, ಕಿವಿಯ ಹಿಂದೆ, ಕೂದಲು ಬಿಡಿಸಿ ನೆತ್ತಿಯಲ್ಲಿ, ಬಾಯೊಳಗೆ ಅಂಗುಳಿನಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿವೆಯಾ? ಧ್ವನಿ ಒಡೆದಿದೆಯಾ, ನುಂಗಲು ಕಷ್ಟವಾ, ಒಂದು ರೆಪ್ಪೆ ಜೋತಿದೆಯಾ, ಒಂದು ಕಡೆ ಕೈಕಾಲು ಸೋತಿದೆಯಾ? ಬಸುರಿಯಾಗಿದ್ದರೆ ಮಗುವಿನ ಚಲನೆ, ರಕ್ತಸ್ರಾವ ಕೇಳಲೇಬೇಕು.

ಪ್ರಜ್ಞೆ ತಪ್ಪಿದ್ದರೆ, ಧ್ವನಿ, ಉಸಿರು ಅಥವಾ ದೃಷ್ಟಿ ಬದಲಾಗಿದ್ದರೆ, ಚುಕ್ಕೆಗಳಿದ್ದರೆ, ಕತ್ತು ಮುಟ್ಟಿದರೆ ನೋವಾದರೆ, ಕೈಕಾಲಿನ ಬಲ ಕುಗ್ಗಿದ್ದರೆ ಕತ್ತಿನ ಸಿಟಿ ಆಂಜಿಯೋಗ್ರಾಂ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಬೇಕು. ಬರೀ ಎಕ್ಸ್‌ರೇ ಮಾಡಿ ‘ಏನಿಲ್ಲ’ ಎನ್ನುವುದು ತಪ್ಪು, ಎಕ್ಸ್‌ರೇಯಲ್ಲಿ ರಕ್ತನಾಳ ಕಾಣುವುದಿಲ್ಲ. ಕೆರೋಟಿಡ್‌ನ ಒಳಪದರ ಹರಿದಿದ್ದರೆ ಅಲ್ಲಿ ಹೆಪ್ಪುಗಟ್ಟಿದ ರಕ್ತ ದಿನಗಳ, ಕೆಲವೊಮ್ಮೆ ವಾರಗಳ ಮೇಲೆ ಮೆದುಳಿಗೆ ಹೋಗಿ ಲಕ್ವ ಹೊಡೆಯುತ್ತದೆ. ಚಿಕ್ಕ ವಯಸ್ಸಿನವರಿಗೆ ಕಾರಣವಿಲ್ಲದೆ ಲಕ್ವ ಹೊಡೆದಾಗ ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ.

ಸಾಕ್ಷ್ಯ_ಕಡತ

ತುರ್ತು ವಿಭಾಗದವರು ಹೇಳಿದ್ದಕ್ಕೆ ಒಂದು ಸೇರಿಸಬೇಕು, ಇದರಲ್ಲಿ ಆಗುವ ಅನ್ಯಾಯ ದೊಡ್ಡದು.

ಕತ್ತಿನ ಮೇಲೆ ಉದ್ದುದ್ದ ಉಗುರು ಗೀರು ಕಂಡರೆ ಅದು ಹೆಚ್ಚಾಗಿ ಹಿಂಸೆಗೆ ಒಳಗಾದ ಆಕೆಯದೇ ಉಗುರು. ಒತ್ತುತ್ತಿರುವ ಕೈಯನ್ನು ಕಿತ್ತುಹಾಕಲು ಪರದಾಡುವಾಗ ಸ್ವಂತ ಕತ್ತನ್ನೇ ಪರಚಿಕೊಂಡಿರುತ್ತಾರೆ, ಅದರಲ್ಲೂ ಗಲ್ಲದ ಕೆಳಗೆ. ಅದೇ ಹೊತ್ತಿಗೆ ಆತನ ಮುಂಗೈ ಮೇಲೆ ಪರಚಿದ, ಕಚ್ಚಿದ ಗುರುತು ಬಿದ್ದಿರುತ್ತದೆ. ಹಿಂದಿನಿಂದ ಮೊಣಕೈ ಸುತ್ತಿ ಹಿಡಿದಿದ್ದರೆ ಒಳತೋಳಿನಲ್ಲಿ ಕಚ್ಚಿದ ಗುರುತು. ಅಂದರೆ ಸ್ಥಳಕ್ಕೆ ಹೋದವರಿಗೆ ರಕ್ತ ಕಾಣುವುದು ಆತನ ಮೈಮೇಲೆ, ಆಕೆಯ ಮೈ ಚೊಕ್ಕ. ‘ಇಬ್ಬರೂ ಹೊಡೆದಾಡಿಕೊಂಡಿದ್ದಾರೆ’ ಎಂದೋ ‘ಆಕೆಯೇ ಹೊಡೆದಿದ್ದಾಳೆ’ ಎಂದೋ ಬರೆದುಬಿಟ್ಟರೆ ಮುಂದೆ ಅದನ್ನು ತೊಳೆಯುವುದು ಬಹಳ ಕಷ್ಟ. ಗಾಯ ಎಲ್ಲಿದೆ, ಯಾವ ದಿಕ್ಕಿನಲ್ಲಿದೆ, ಅದು ಆಕ್ರಮಣದ್ದೋ ಬಿಡಿಸಿಕೊಂಡದ್ದೋ, ಇಬ್ಬರಲ್ಲಿ ಯಾರಿಗೆ ಯಾರ ಭಯ ಇದೆ ಎಂಬ ನಾಲ್ಕನ್ನೂ ಬರೆಯಬೇಕು.

ಫೋಟೊ ತೆಗೆಯುವಾಗ: ಹಗಲು ಬೆಳಕು, ಸಾಧ್ಯವಾದಷ್ಟು ಫ್ಲ್ಯಾಶ್ ಬೇಡ. ಮೊದಲು ಮುಖ ಸೇರಿ ಇಡೀ ಆಳು, ಆಮೇಲೆ ದೇಹದ ಆ ಭಾಗ, ಆಮೇಲೆ ಹತ್ತಿರದಿಂದ ಗಾಯ, ಪಕ್ಕದಲ್ಲಿ ಅಳತೆಪಟ್ಟಿ. ಪಟ್ಟಿ ಇಲ್ಲದೆಯೂ ಒಂದು ತೆಗೆಯಿರಿ, ಪಟ್ಟಿಯಡಿ ಏನೋ ಮುಚ್ಚಿಟ್ಟರು ಎಂಬ ವಾದಕ್ಕೆ ಎಡೆ ಇರಬಾರದು. 24, 48, 72 ಗಂಟೆಗೆ ಮತ್ತೆ ತೆಗೆಯಿರಿ. ಮೈಬಣ್ಣ ಗಾಢವಾಗಿದ್ದರೆ ಬಾಸುಂಡೆ ಮೊದಲ ದಿನ ಕಾಣದೇ ಹೋಗಬಹುದು, ಹಾಗಾಗಿ ಊತ, ಬಿಸಿ, ಮುಟ್ಟಿದರೆ ನೋವು ಇವನ್ನು ಅಕ್ಷರದಲ್ಲಿ ಬರೆಯಿರಿ. ಬಣ್ಣ ನೋಡಿ ‘ಇದು ಮೂರು ದಿನದ ಹಿಂದಿನ ಗಾಯ’ ಎಂದು ತೀರ್ಪು ಕೊಡಬೇಡಿ, ಕರಗುವ ವೇಗ ಒಬ್ಬೊಬ್ಬರಲ್ಲೂ, ಒಂದೇ ಮೈಯ ಬೇರೆ ಬೇರೆ ಜಾಗದಲ್ಲೂ ಬೇರೆ.

ಮೂಲ ಕಡತವನ್ನು ಹಾಗೇ ಉಳಿಸಿ. ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗುತ್ತದೆ, ತೆಗೆದ ದಿನ ಸಮಯದ ವಿವರವೂ ಅಳಿಸಿಹೋಗುತ್ತದೆ. ಬೆದರಿಕೆ ಸಂದೇಶದ ಸ್ಕ್ರೀನ್‌ಶಾಟ್‌ನಲ್ಲಿ ಹೆಸರಲ್ಲ, ಪೂರ್ತಿ ನಂಬರ್ ಕಾಣಬೇಕು. ಹೆಸರನ್ನು ಯಾರು ಹೇಗೆ ಬೇಕಾದರೂ ಸೇವ್ ಮಾಡಿಕೊಳ್ಳಬಹುದಲ್ಲ.

ಹೊಸ_ಕಾರ್ಯಕರ್ತೆ

ನಾನು ಈ ಕೆಲಸಕ್ಕೆ ಈಗಷ್ಟೇ ಸೇರಿದವಳು. ಒಂದು ಅನುಮಾನ. ಮೊದಲ ಸಲ ಹೇಳಿದ್ದಕ್ಕೂ ಎರಡನೇ ಸಲ ಹೇಳಿದ್ದಕ್ಕೂ ಹೊಂದಿಕೆ ಇರುವುದಿಲ್ಲ. ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ಅದಲುಬದಲು. ‘ಸುಳ್ಳು ಹೇಳುತ್ತಿದ್ದಾಳೆ’ ಎಂದು ಎದುರಿನವರು ಹೇಳಿದಾಗ ಏನು ಉತ್ತರ ಕೊಡಬೇಕು?

ಮನೋ_ಆಸರೆ

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಹಾನಿಗಳಿವೆ, ಅವನ್ನು ಕಲಸಬೇಡಿ.

ಮೊದಲನೆಯದು ಭಯದ್ದು. ಪ್ರಾಣಭಯದ ಹೊತ್ತಿನಲ್ಲಿ ಮೆದುಳಿನ ಅಮಿಗ್ಡಲಾ ಎಚ್ಚೆತ್ತು, ಎದುರಿಗಿನ ಅಪಾಯವನ್ನು ಗಾಢವಾಗಿ ಅಚ್ಚೊತ್ತುತ್ತದೆ. ಆತನ ಕೈಯಲ್ಲಿದ್ದ ವಸ್ತು, ಬೆವರಿನ ವಾಸನೆ, ಆಡಿದ ಒಂದು ಮಾತು ವರ್ಷಗಳ ಮೇಲೂ ಹಾಗೇ ಉಳಿಯುತ್ತವೆ. ಆದರೆ ಘಟನೆಗಳನ್ನು ಕಾಲಕ್ರಮದಲ್ಲಿ ಪೋಣಿಸುವ ಹಿಪೊಕ್ಯಾಂಪಸ್‌ನ ಕೆಲಸ ಆ ಒತ್ತಡದ ಹಾರ್ಮೋನುಗಳ ನಡುವೆ ಕುಂಟುತ್ತದೆ. ಹೀಗಾಗಿ ತುಣುಕುಗಳು ಸ್ಪಷ್ಟ, ದಾರ ಇಲ್ಲ. ಎಷ್ಟು ಹೊತ್ತು, ಯಾವ ವಾರ, ಮೊದಲು ಕೆನ್ನೆಗೋ ಬೆನ್ನಿಗೋ ಎಂದು ಕೇಳಿದರೆ ತಡವರಿಸುತ್ತಾರೆ.

ಎರಡನೆಯದು ನಿಜವಾದ ಮೆದುಳು ಗಾಯ. ತಲೆಗೆ ಏಟು, ಗೋಡೆಗೆ ತಳ್ಳಿದ್ದು, ಜೋರಾಗಿ ಅಲುಗಾಡಿಸಿದ್ದು, ಕತ್ತು ಹಿಸುಕಿ ಆಮ್ಲಜನಕ ನಿಂತದ್ದು, ಇವೆಲ್ಲ ಸೇರಿ. ಹಿಪೊಕ್ಯಾಂಪಸ್ ಆಮ್ಲಜನಕದ ಕೊರತೆಗೆ ಬಹಳ ಬೇಗ ನಲುಗುವ ಭಾಗ. ಸಿಟಿ ಸ್ಕ್ಯಾನ್ ಸರಿಯಾಗಿದೆ ಎಂದರೆ ಒಳಗೆ ರಕ್ತಸ್ರಾವ ಇಲ್ಲ, ಮೂಳೆ ಒಡೆದಿಲ್ಲ ಎಂದಷ್ಟೇ ಅರ್ಥ. ಪೆಟ್ಟಿಗೆ ಮೆದುಳು ಅಲುಗಿ ಆಗುವ ಕನ್‌ಕಶನ್ ಇಲ್ಲ ಎಂದಲ್ಲ. ಆಟಗಾರರಿಗೆ ತಲೆಗೆ ಪೆಟ್ಟಾದರೆ ಲಕ್ಷಣ ಪೂರ್ತಿ ಹೋಗುವವರೆಗೆ ಮೈದಾನಕ್ಕೆ ಬಿಡುವುದಿಲ್ಲ. ಮನೆಯಲ್ಲಿ ಏಟು ತಿಂದವರಿಗೆ ಆ ವಿರಾಮ ಇಲ್ಲ, ಮೊದಲ ಪೆಟ್ಟು ಮಾಯುವ ಮೊದಲೇ ಎರಡನೆಯದು ಬೀಳುತ್ತದೆ.

ಇದರ ಲಕ್ಷಣಗಳೇ ಆಕೆಗೆ ಮುಳುವಾಗುತ್ತವೆ. ಮಾತು ನಿಧಾನ, ಕಣ್ಣಿಗೆ ಬೆಳಕು ಚುಚ್ಚುತ್ತದೆ, ಸಣ್ಣದಕ್ಕೆ ಸಿಡುಕು, ಹೇಳಿದ ದಿನಾಂಕ ಮರೆವು. ನೋಡಿದವರು ‘ಕುಡಿದಿದ್ದಾಳೆ’, ‘ಸಹಕರಿಸುವುದಿಲ್ಲ’, ‘ಕರೆದ ದಿನ ಬರಲೇ ಇಲ್ಲ’ ಎಂದು ಬರೆಯುತ್ತಾರೆ. ಎದುರಿಗೆ ಆತ ಸಮಾಧಾನವಾಗಿ, ಪೂರ್ತಿ ಕ್ರಮಬದ್ಧವಾಗಿ ಮಾತಾಡುತ್ತಾನೆ. ಅವನ ಮೆದುಳಿಗೆ ಏನೂ ಆಗಿಲ್ಲವಲ್ಲ!

ಕೇಳುವ ಕ್ರಮ ಹೀಗಿರಲಿ. ‘ಎಲ್ಲಿಂದ ನೆನಪಿದೆಯೋ ಅಲ್ಲಿಂದ ಹೇಳಿ’ ಎಂದು ಬಿಡಿ, ನಡುವೆ ತಡೆಯಬೇಡಿ. ಆಮೇಲೆ ಏನು ಕೇಳಿಸಿತು, ಏನು ಕಂಡಿತು, ಮೈಗೆ ಏನು ಅನಿಸಿತು. ‘ಯಾಕೆ ಓಡಲಿಲ್ಲ’, ‘ಯಾಕೆ ಕೂಗಲಿಲ್ಲ’ ಎಂಬ ‘ಯಾಕೆ’ ಪ್ರಶ್ನೆಗಳು ಬೇಡ. ಮುಖ್ಯವಾಗಿ, ‘ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ, ಊಹಿಸಿ ತುಂಬಿಸಬೇಡಿ’ ಎಂದು ಮೊದಲೇ ಹೇಳಿ. ಮೆಚ್ಚಿಸಬೇಕು ಎಂಬ ಆತಂಕದಲ್ಲಿ ತುಂಬಿಸಿದ ಆ ಊಹೆಯೇ ಮುಂದೆ ‘ವಿರೋಧಾಭಾಸ’ ಆಗಿ ಕಾಡುತ್ತದೆ. ಎದುರಿನವರಿಗೆ ನಿಮ್ಮ ಉತ್ತರ ಇಷ್ಟೇ ಇರಲಿ: ಕ್ರಮ ತಪ್ಪಿದ್ದರಿಂದಲೇ ಹೇಳಿಕೆ ಸುಳ್ಳು ಎಂದಾಗುವುದಿಲ್ಲ, ಹಾಗೆಯೇ ಅದರಿಂದಲೇ ನಿಜ ಎಂದೂ ಆಗುವುದಿಲ್ಲ. ಉಳಿದ ಸಾಕ್ಷ್ಯದ ಜೊತೆ ಇಟ್ಟು ನೋಡಿ.

ಹೊಸ_ಕಾರ್ಯಕರ್ತೆ

ತುಂಬ ಉಪಕಾರ. ಭೇಟಿಗಳನ್ನು ಹೇಗೆ ಇಟ್ಟುಕೊಳ್ಳಬೇಕು? ನಮ್ಮಲ್ಲಿ ಒಂದೇ ಸಲ ಎರಡು ತಾಸು ಕೂರಿಸಿ ಎಲ್ಲ ಫಾರಂ ತುಂಬಿಸುತ್ತಾರೆ.

ಮನೋ_ಆಸರೆ

ಅರ್ಧ ತಾಸು ಸಾಕು. ಟ್ಯೂಬ್‌ಲೈಟ್ ಆರಿಸಿ, ಒಂದು ಸಲಕ್ಕೆ ಒಂದೇ ವಿಷಯ, ಮುಂದಿನ ದಿನಾಂಕ ಚೀಟಿಯಲ್ಲಿ ಬರೆದುಕೊಡಿ. ಚೀಟಿ ಮನೆಗೆ ಒಯ್ಯುವುದು ಅಪಾಯವಾದರೆ ಹಿಂದಿನ ದಿನ ಸುರಕ್ಷಿತ ಸಮಯದಲ್ಲಿ ಫೋನ್ ಮಾಡಿ ನೆನಪಿಸಿ.

ಮಾತ್ರೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಘಟನೆಯಾದ ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗೆ ಬೆಂಜೊಡಯಾಜೆಪಿನ್ ಗುಂಪಿನ (ಆತಂಕ ಇಳಿಸಿ ನಿದ್ದೆ ಬರಿಸುವ) ಮಾತ್ರೆ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಇನ್ನೂ ಅದೇ ಮನೆಯಲ್ಲಿರುವವರಿಗಂತೂ ಎರಡು ಪಟ್ಟು ಯೋಚಿಸಬೇಕು. ರಾತ್ರಿ ಬಾಗಿಲ ಸದ್ದಿಗೆ ಎಚ್ಚರವಾಗುವುದೇ ಅವರ ರಕ್ಷಣೆ. ಗಾಢ ನಿದ್ದೆಯ ಮಾತ್ರೆ ಆ ರಕ್ಷಣೆಯನ್ನು ಕಿತ್ತುಕೊಳ್ಳುತ್ತದೆ. ಅಪಾಯ ಎದುರಿಗೇ ಇರುವಾಗ ಕಟ್ಟೆಚ್ಚರವನ್ನು ಕಾಯಿಲೆ ಎಂದು ಕರೆಯಬಾರದು. ಸುರಕ್ಷಿತ ಜಾಗಕ್ಕೆ ಬಂದು ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚಿಬೀಳುವುದು, ಆ ಜಾಗ ಆ ಮಾತು ಎಂದರೆ ದೂರ ಸರಿಯುವುದು ಇಳಿಯದಿದ್ದರೆ ಅದನ್ನು ಆಘಾತದ ನಂತರದ ಮಾನಸಿಕ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎಂದು ನೋಡಬೇಕು.

ವರ್ಷಗಟ್ಟಲೆ ನಡೆದ ಹಿಂಸೆಯಲ್ಲಿ ಇನ್ನೂ ಮೂರು ಸೇರುತ್ತವೆ: ಭಾವನೆ ಹತೋಟಿಗೆ ಸಿಗದಿರುವುದು ಇಲ್ಲವೇ ಪೂರ್ತಿ ಮರಗಟ್ಟುವುದು, ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂಬ ಗಟ್ಟಿ ನಂಬಿಕೆ, ಯಾರ ಜೊತೆಗೂ ಹತ್ತಿರವಾಗಲು ಆಗದಿರುವುದು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ, 2022ರಿಂದ ಜಾರಿಯಲ್ಲಿರುವ ಐಸಿಡಿ-11 ಇದನ್ನು ಸಂಕೀರ್ಣ ಪಿಟಿಎಸ್‌ಡಿ ಎಂದು ಬೇರೆಯಾಗಿಯೇ ಗುರುತಿಸುತ್ತದೆ. ಆಘಾತವನ್ನೇ ಗುರಿಯಾಗಿಸಿದ ಅರಿವು-ವರ್ತನೆ ಚಿಕಿತ್ಸೆ ಮತ್ತು ಇಎಂಡಿಆರ್ (ಕಣ್ಣಿನ ಚಲನೆ ಬಳಸಿ ಆಘಾತದ ನೆನಪಿನ ತೀವ್ರತೆ ತಗ್ಗಿಸುವ ಚಿಕಿತ್ಸೆ) ಎರಡಕ್ಕೂ ಒಳ್ಳೆಯ ಆಧಾರವಿದೆ.

ಶಾಂತಚಿತ್ತ

ಎಲ್ಲ ಸರಿ. ಆದರೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿಸಿದರೆ ಎಷ್ಟೋ ಸಂಸಾರ ಉಳಿಯುತ್ತದೆ ಎಂದು ನನ್ನ ಅಭಿಪ್ರಾಯ. ಕುಡಿತ ಬಿಡಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಸಂಜೆಪಾಳಿ_ಸಹಾಯವಾಣಿ

ಶಾಂತಚಿತ್ತ ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ಬಲವಾಗಿ ಒಪ್ಪುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಆಕೆಗೆ ಎರಡೇ ದಾರಿ. ನಿಜ ಹೇಳಿದರೆ ಮನೆಗೆ ಹೋದ ಮೇಲೆ ಶಿಕ್ಷೆ, ಹೇಳದಿದ್ದರೆ ‘ಸಣ್ಣಪುಟ್ಟ ಜಗಳ’ ಎಂಬ ಷರಾ. ‘ಇಬ್ಬರೂ ಸ್ವಲ್ಪ ಸ್ವಲ್ಪ ಬದಲಾಗಿ’ ಎಂದಾಗ ಹೊಡೆತಕ್ಕೆ ಆಕೆಯ ಪಾಲೂ ಇದೆ ಎಂದು ಒಪ್ಪಿದಂತಾಯಿತು. ಜಗಳದಲ್ಲಿ ಇಬ್ಬರಿಗೂ ಮಾತಾಡುವ ಧೈರ್ಯ ಇರುತ್ತದೆ. ದೌರ್ಜನ್ಯದಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿಕೊಂಡು ಬದುಕುತ್ತಿರುತ್ತಾರೆ.

ಕುಡಿತ ಏಟಿನ ಜೋರನ್ನು ಹೆಚ್ಚಿಸುತ್ತದೆ, ನಿಜ. ಆದರೆ ಕುಡಿದವನು ಮೇಲಧಿಕಾರಿಗೆ ಹೊಡೆಯುವುದಿಲ್ಲ, ದಾರಿಹೋಕರ ಫೋನ್ ಪರಿಶೀಲಿಸುವುದಿಲ್ಲ. ಬಟ್ಟೆಯಡಿ ಮುಚ್ಚುವ ಜಾಗ ನೋಡಿಯೇ ಹೊಡೆಯುವವನು ಹತೋಟಿ ತಪ್ಪಿದವನಲ್ಲ. ಹಣ, ಫೋನ್, ಯಾರನ್ನು ಭೇಟಿ ಮಾಡಬೇಕು, ಎಷ್ಟು ಹೊತ್ತಿಗೆ ಮನೆಗೆ ಬರಬೇಕು ಎಂಬುದೆಲ್ಲ ಅಮಲಿಲ್ಲದ ಹಗಲಿನಲ್ಲೂ ಅವನ ಹಿಡಿತದಲ್ಲೇ ಇರುತ್ತದೆ. ಕುಡಿತಕ್ಕೆ ಚಿಕಿತ್ಸೆ ಕೊಡಿಸಿ, ಅದು ಬೇರೆ ಕೆಲಸ. ಹಿಂಸೆಗೆ ಉತ್ತರ ಅದಲ್ಲ.

ಗಂಡಸರೂ ಇದಕ್ಕೆ ಒಳಗಾಗುತ್ತಾರೆ, ವಯಸ್ಸಾದ ತಂದೆತಾಯಿಯೂ, ಒಂದೇ ಲಿಂಗದ ಜೋಡಿಗಳಲ್ಲೂ. ‘ಯಾರಿಗೆ ಯಾರ ಭಯ’ ಎಂಬ ಪ್ರಶ್ನೆ ಅಲ್ಲೆಲ್ಲವೂ ಕೆಲಸ ಮಾಡುತ್ತದೆ.

ಅಪಾಯ_ಲೆಕ್ಕ

ಬಿಟ್ಟು ಹೊರಡುವ ವಿಷಯಕ್ಕೆ ಬರೋಣ. ‘ಬಿಟ್ಟು ಬಂದುಬಿಡು’ ಎಂದು ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಬಿಡುವ ಹೊತ್ತು ಮತ್ತು ಬಿಟ್ಟ ಮೊದಲ ಕೆಲವು ತಿಂಗಳೇ ಕೊಲೆಯ ಅಪಾಯ ಅತಿ ಹೆಚ್ಚಿರುವ ಕಾಲ ಎಂದು ಯಾರೂ ಹೇಳುವುದಿಲ್ಲ. ಹಿಡಿತ ಕೈತಪ್ಪುತ್ತಿದೆ ಎಂದು ಗೊತ್ತಾದಾಗಲೇ ಆತ ಕೊನೆಯ ಅಸ್ತ್ರ ತೆಗೆಯುವುದು.

ದಾದಿಯರ ಶಿಕ್ಷಣ ಕ್ಷೇತ್ರದ ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ 1985ರಲ್ಲಿ ರೂಪಿಸಿದ, ಆಮೇಲೆ ಪರಿಷ್ಕರಿಸಿದ 20 ಪ್ರಶ್ನೆಗಳ ಅಪಾಯ ಅಳೆಯುವ ಪಟ್ಟಿಯೊಂದಿದೆ. ಪ್ರಶ್ನೆಗೆ ಹೋಗುವ ಮೊದಲು ಒಂದು ಕ್ಯಾಲೆಂಡರ್ ಕೊಟ್ಟು, ಕಳೆದ 12 ತಿಂಗಳಲ್ಲಿ ಘಟನೆ ನಡೆದ ದಿನಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ತೀವ್ರತೆಯ ಅಂಕೆ ಬರೆಯಲು ಹೇಳುತ್ತಾರೆ. ‘ಎಲ್ಲೋ ಒಂದೆರಡು ಸಲ’ ಅಂದವರು ತಾವೇ ಗುರುತು ಹಾಕುತ್ತಾ ಹೋದಾಗ, ಅಂತರ ಕಡಿಮೆಯಾಗುತ್ತಿದೆ, ಅಂಕೆ ಏರುತ್ತಿದೆ ಎಂಬುದು ಅವರ ಕಣ್ಣಿಗೇ ಬೀಳುತ್ತದೆ. ಬೇರೆಯವರು ಹೇಳಿದ್ದಕ್ಕಿಂತ ಅದು ನಾಟುತ್ತದೆ.

ಆ ಪಟ್ಟಿಯಲ್ಲಿ ಕೇಳುವ ಕೆಲವು: ಬಂದೂಕು ಕೈಗೆ ಸಿಗುವಂತಿದೆಯಾ, ಕತ್ತು ಹಿಸುಕಿದ್ದಾನಾ, ಒತ್ತಾಯದ ಲೈಂಗಿಕ ಕ್ರಿಯೆ, ಬಸುರಿಯಾಗಿದ್ದಾಗ ಹೊಡೆತ, ಹಿಂಬಾಲಿಸುವುದು, ದಿನದ ಪ್ರತಿ ಕೆಲಸದ ಮೇಲೂ ಹಿಡಿತ, ಕೆಲಸ ಕಳೆದುಕೊಂಡಿರುವುದು, ‘ಸತ್ತುಹೋಗುತ್ತೇನೆ’ ಎಂಬ ಆತನ ಬೆದರಿಕೆ, ಬೇರೆ ಸಂಬಂಧದಿಂದ ಹುಟ್ಟಿದ ಮಗು ಮನೆಯಲ್ಲಿರುವುದು. ಆತನ ಆತ್ಮಹತ್ಯೆ ಬೆದರಿಕೆಯನ್ನು ಬರೀ ನಾಟಕ ಎಂದು ತಳ್ಳಿಹಾಕಬೇಡಿ, ಅದು ಆಕೆಯ ಪ್ರಾಣಕ್ಕೂ ಸೇರಿದ ಎಚ್ಚರಿಕೆ.

‘ಆತ ನಿಮ್ಮನ್ನು ಕೊಲ್ಲಬಹುದು ಅನಿಸುತ್ತದಾ?’ ಎಂಬ ಪ್ರಶ್ನೆಗೆ ಹೌದು ಅಂದರೆ ನಂಬಿ, ತಕ್ಷಣ ಕೆಲಸ ಶುರುಮಾಡಿ. ಇಲ್ಲ ಅಂದರೆ ನೆಮ್ಮದಿ ಪಡಬೇಡಿ. ಕೊಲೆಯತ್ನದಿಂದ ಬದುಕುಳಿದವರ ಅಧ್ಯಯನದಲ್ಲಿ ಸುಮಾರು ಅರ್ಧ ಮಂದಿಗೆ ಆ ಅಪಾಯದ ಅಂದಾಜೇ ಇರಲಿಲ್ಲ.

ಹೊರಡುವ ತಯಾರಿ ಹೀಗಿರಲಿ. ಗುರುತಿನ ಚೀಟಿಗಳು, ಮಕ್ಕಳ ಜನನ ಪತ್ರ, ಶಾಲೆ ಮತ್ತು ಆಸ್ಪತ್ರೆ ಕಾಗದಗಳ ಪ್ರತಿ, ದಿನದ ಔಷಧಿ ಕನಿಷ್ಠ ಒಂದು ವಾರಕ್ಕೆ, ಮನೆಯ ಇನ್ನೊಂದು ಕೀಲಿಕೈ, ಕೈಗೆ ಸ್ವಲ್ಪ ನಗದು, ಆತನಿಗೆ ಗೊತ್ತಿಲ್ಲದ ಒಂದು ಫೋನ್, ಚಾರ್ಜರ್. ಆ ಚೀಲ ಮನೆಯಲ್ಲಿ ಇಡಲೇಬಾರದು. ಕಣ್ಣಿಗೆ ಬಿದ್ದ ಚೀಲವೇ ಆ ರಾತ್ರಿಯ ಹಿಂಸೆಗೆ ಕಾರಣವಾಗುತ್ತದೆ. ನಂಬುಗೆಯವರ ಮನೆಯಲ್ಲೋ ಕೆಲಸದ ಜಾಗದಲ್ಲೋ ಇರಲಿ. ಮೂಲ ದಾಖಲೆ ಕಪಾಟಿನಿಂದ ಕಾಣೆಯಾದರೆ ಗೊತ್ತಾಗುತ್ತದೆ, ಆದ್ದರಿಂದ ಮೊದಲು ಪ್ರತಿ, ಹೊರಡುವ ದಿನ ಮೂಲ.

ಜಗಳ ಏರುತ್ತಿದೆ ಅನಿಸಿದರೆ ಅಡುಗೆಮನೆ, ಬಚ್ಚಲುಮನೆ ಕಡೆ ಸರಿಯಬೇಡಿ. ಒಂದರಲ್ಲಿ ಚಾಕು, ಇನ್ನೊಂದರಲ್ಲಿ ಗಟ್ಟಿ ನೆಲ, ಒಂದೇ ಬಾಗಿಲು. ಹೊರಬಾಗಿಲಿರುವ ಕೋಣೆಗೆ ಬನ್ನಿ. ಅಕ್ಕಪಕ್ಕದವರ ಜೊತೆ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ, ಅದನ್ನು ಕೇಳಿದರೆ ಅವರು ಪೊಲೀಸರಿಗೆ ಫೋನ್ ಮಾಡಬೇಕು, ಒಳಗೆ ಬಂದು ಬುದ್ಧಿ ಹೇಳುವುದಲ್ಲ. ಹೊರಡುತ್ತೇನೆ ಎಂದು ಆತನಿಗೆ ಎದುರೆದುರು ಹೇಳುವ ಋಣ ಯಾರಿಗೂ ಇಲ್ಲ.

ಸೈಬರ್_ಕಾವಲು

ಆ ಗುಟ್ಟಿನ ಫೋನ್ ಬಗ್ಗೆ ಎಚ್ಚರ. ಹಳೆಯ ಖಾತೆಯಲ್ಲಿ ಒಮ್ಮೆ ಲಾಗಿನ್ ಆದರೂ ಸಾಕು, ‘ಹೊಸ ಸಾಧನದಿಂದ ಪ್ರವೇಶ’ ಎಂದು ಆತನ ಕೈಯಲ್ಲಿರುವ ಸಾಧನಕ್ಕೆ ಸೂಚನೆ ಹೋಗಬಹುದು. ಹೊಸ ಫೋನಿಗೆ ಹೊಸ ಇಮೇಲ್, ಹಳೆಯ ಬ್ಯಾಕಪ್ ಇಳಿಸಬೇಡಿ, ಮನೆಯ ವೈಫೈಗೆ ಸೇರಿಸಬೇಡಿ.

ಹಳೆಯ ಫೋನಿನಲ್ಲಿ ಗೂಢಚಾರಿ ಆ್ಯಪ್ ಇದೆ ಎಂದು ಅನುಮಾನವಿದ್ದರೆ ತಟ್ಟನೆ ಅಳಿಸಬೇಡಿ. ಆತನ ಪರದೆಯಲ್ಲಿ ಚಲನವಲನ ನಿಂತ ಕ್ಷಣ ಆತ ಎಚ್ಚೆತ್ತುಕೊಳ್ಳುತ್ತಾನೆ, ಸಾಕ್ಷ್ಯವೂ ಹೋಗುತ್ತದೆ. ಅದನ್ನು ಎಂದಿನಂತೆ ಬಳಸುತ್ತಾ ಇರಿ, ಯೋಜನೆಯ ಮಾತೆಲ್ಲ ಬೇರೆ ಸಾಧನದಲ್ಲಿ. ಬ್ರೌಸಿಂಗ್ ಇತಿಹಾಸ ಉಳಿಸದ ಇನ್‌ಕಾಗ್ನಿಟೊ ಕಿಟಕಿ ಇಂಥ ಆ್ಯಪ್‌ನಿಂದ ಏನನ್ನೂ ಮುಚ್ಚಿಡುವುದಿಲ್ಲ. ಇಡೀ ಬ್ರೌಸಿಂಗ್ ಇತಿಹಾಸ ಅಳಿಸುವುದೂ ಅನುಮಾನಕ್ಕೆ ದಾರಿ, ಬೇಕಾದ ನಾಲ್ಕು ಸಾಲು ಮಾತ್ರ ತೆಗೆಯಿರಿ.

ಎಷ್ಟೋ ಸಲ ಗೂಢಚಾರಿ ಆ್ಯಪ್ ಬೇಕೇ ಆಗಿರುವುದಿಲ್ಲ. ಹಂಚಿಕೊಂಡ ಲೊಕೇಶನ್, ಕುಟುಂಬದ ಖಾತೆ, ಕಂಪ್ಯೂಟರಿನಲ್ಲಿ ತೆರೆದೇ ಉಳಿದ ಮೆಸೇಜಿಂಗ್, ಮಗುವಿನ ಟ್ಯಾಬ್ಲೆಟ್, ಜಂಟಿ ಖಾತೆಯ ಬ್ಯಾಂಕ್ ವಿವರ, ಫೋನ್ ಬಿಲ್‌ನಲ್ಲಿ ಸಹಾಯವಾಣಿಯ ನಂಬರ್ ಇವೇ ಸಾಕು. ಪಾಸ್‌ವರ್ಡ್ ಬದಲಿಸುವಾಗ ಮರುಪಡೆಯುವ ಇಮೇಲ್, ಫೋನ್ ನಂಬರ್, ಭದ್ರತಾ ಪ್ರಶ್ನೆ ಮೂರನ್ನೂ ಬದಲಿಸಿ. ‘ಹುಟ್ಟಿದ ಊರು ಯಾವುದು’ ಎಂಬುದಕ್ಕೆ ಉತ್ತರ ಸಂಗಾತಿಗೆ ಗೊತ್ತಿರುತ್ತದಲ್ಲ, ಅಲ್ಲಿ ಸಂಬಂಧವಿಲ್ಲದ ಉತ್ತರ ಕೊಡಿ.

ಚೀಲ, ಕಾರಿನ ಸೀಟಿನಡಿ, ಮಗುವಿನ ಆಟಿಕೆಯೊಳಗೆ ಸಣ್ಣ ಬ್ಲೂಟೂತ್ ಟ್ರ್ಯಾಕರ್ ಇಡುವುದುಂಟು. 2024ರ ಮೇ ತಿಂಗಳಿಂದ ಆ್ಯಪಲ್ ಮತ್ತು ಗೂಗಲ್ ಸೇರಿ ರೂಪಿಸಿದ ವ್ಯವಸ್ಥೆಯಲ್ಲಿ ಐಫೋನ್ (ಐಒಎಸ್ 17.5ರಿಂದ) ಮತ್ತು ಆಂಡ್ರಾಯ್ಡ್ (6ರಿಂದ) ಎರಡೂ ಅಪರಿಚಿತ ಟ್ರ್ಯಾಕರ್ ಜೊತೆಯಲ್ಲೇ ಬರುತ್ತಿದ್ದರೆ ಎಚ್ಚರಿಸುತ್ತವೆ. ಆದರೆ ಸಿಮ್ ಹಾಕಿದ ಜಿಪಿಎಸ್ ಸಾಧನವನ್ನು ಇವು ಹಿಡಿಯುವುದಿಲ್ಲ, ಕಣ್ಣಿಂದಲೇ ಹುಡುಕಬೇಕು. ಸಿಕ್ಕರೆ ಮುರಿಯಬೇಡಿ, ಇದ್ದಲ್ಲೇ ಫೋಟೊ ತೆಗೆದು ಪೊಲೀಸರಿಗೆ ಕೊಡಿ.

ಮಕ್ಕಳ_ಪಾಳಿ

ಮಕ್ಕಳ ಬಗ್ಗೆ ಚುಟುಕಾಗಿ. ‘ಮಗು ಮಲಗಿತ್ತು, ಏನೂ ನೋಡಿಲ್ಲ’ ಎಂಬುದನ್ನು ಒಪ್ಪಬೇಡಿ. ಮಗು ಕೇಳಿಸಿಕೊಂಡಿರುತ್ತದೆ, ಬೆಳಿಗ್ಗೆ ಅಮ್ಮನ ಮುಖ ನೋಡಿರುತ್ತದೆ. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಶಾಲೆಗೆ ಹೋಗುವಾಗ ಹೊಟ್ಟೆನೋವು, ತಮ್ಮ ತಂಗಿಯರಿಗೆ ತಾನೇ ತಾಯಿಯಾಗುವುದು, ಇವನ್ನೆಲ್ಲ ಗಮನಿಸಿ. ಅತಿ ಜಾಣ, ಅತಿ ವಿಧೇಯ ಮಗುವನ್ನು ಯಾರೂ ಗಮನಿಸುವುದಿಲ್ಲ, ಅಂಥ ಮಗುವಿನ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಹೊರಡುವ ಯೋಜನೆಯನ್ನು ಚಿಕ್ಕ ಮಕ್ಕಳಿಗೆ ಮೊದಲೇ ಹೇಳಬೇಡಿ, ಗುಟ್ಟಿನ ಭಾರ ಅವರ ಮೇಲೆ ಹೊರಿಸಿದಂತಾಗುತ್ತದೆ. ನಡುವೆ ಬಿಡಿಸಲು ಬರಬಾರದು, ಇಂಥ ಕಡೆ ಹೋಗಿ ಇಂಥವರಿಗೆ ಫೋನ್ ಮಾಡಬೇಕು ಎಂದಷ್ಟು ಕಲಿಸಿ. ಬೇರೆಯಾದ ಮೇಲೆ ಹಿಂಸೆ ಮುಂದುವರಿಯುವ ಜಾಗ ಮಗುವನ್ನು ಒಪ್ಪಿಸುವ ಹೊತ್ತು. ಮೂರನೆಯವರ ಮೂಲಕ ಒಪ್ಪಿಸಿ, ಮಾತುಕತೆ ಬರಹದಲ್ಲೇ ಇರಲಿ, ಮಗುವಿನ ವಿಷಯ ಬಿಟ್ಟು ಒಂದಕ್ಷರ ಹೆಚ್ಚು ಬೇಡ. ಮಗುವನ್ನು ಯಾರ ಜೊತೆ ಕಳಿಸಬಹುದು ಎಂಬ ಪಟ್ಟಿಯನ್ನು ಶಾಲೆಗೆ ಬರೆದುಕೊಡಿ.

ಹೊಸ_ಕಾರ್ಯಕರ್ತೆ

ಇಷ್ಟೆಲ್ಲ ಮಾಡಿ ಹೊರಟವರು ಮತ್ತೆ ಅಲ್ಲಿಗೇ ಹೋದರೆ? ಕಚೇರಿಯಲ್ಲಿ ‘ಫೈಲ್ ಮುಚ್ಚಿಬಿಡಿ’ ಎನ್ನುತ್ತಾರೆ.

ಸಂಜೆಪಾಳಿ_ಸಹಾಯವಾಣಿ

ಮುಚ್ಚಬೇಡಿ. ವಾಪಸ್ ಹೋಗುವುದು ಸಾಮಾನ್ಯ, ಒಂದಕ್ಕಿಂತ ಹೆಚ್ಚು ಸಲ ಆಗುತ್ತದೆ. ಆಕೆಯ ಹೆಸರಿನಲ್ಲಿ ಆತ ಮಾಡಿದ ಸಾಲ, ಕೈಯಲ್ಲಿಲ್ಲದ ಸಂಬಳ, ಮಕ್ಕಳನ್ನು ಕಿತ್ತುಕೊಳ್ಳುವ ಬೆದರಿಕೆ, ಹೊರಗಿದ್ದರೆ ಅಪಾಯ ಹೆಚ್ಚು ಎಂಬ ಆಕೆಯದೇ ಲೆಕ್ಕಾಚಾರ ಹೀಗೆ ಕಾರಣ ಹಲವು. ‘ಇಷ್ಟು ಹೇಳಿದರೂ ಹೋದಳಲ್ಲ’ ಎಂದು ನಾವು ಮುನಿಸಿಕೊಂಡರೆ ಮುಂದಿನ ಸಲ ನಾಚಿಕೆಯಿಂದ ಫೋನನ್ನೇ ಮಾಡುವುದಿಲ್ಲ. ಆಗ ಆತ ಬಯಸಿದ್ದೇ ಆಯಿತು, ಆಕೆಗೆ ಯಾರೂ ಉಳಿಯಲಿಲ್ಲ. ಹೋಗುವಾಗ ಹೇಳಬೇಕಾದ್ದು ಎರಡೇ: ‘ನಿಮ್ಮ ನಿರ್ಧಾರ ನಿಮ್ಮದು’, ‘ಯಾವ ಹೊತ್ತಿಗಾದರೂ ಮಾಡಿ, ಮೊದಲಿನಿಂದ ಹೇಳಬೇಕಾಗಿಲ್ಲ’. ಆಮೇಲೆ ಅಪಾಯದ ಪಟ್ಟಿಯನ್ನು ಹೊಸದಾಗಿ ತುಂಬಿ. ವಾಪಸ್ ಹೋದ ಮೇಲಿನ ಪರಿಸ್ಥಿತಿ ಬೇರೆ, ಹಳೆಯ ಅಂಕ ಅದಕ್ಕೆ ಹೊಂದುವುದಿಲ್ಲ.

ತುರ್ತು_ವಿಭಾಗ

ವಾಪಸ್ ಹೋಗುವವರ ಕೈಗೆ ಕೊಡುವ ಡಿಸ್ಚಾರ್ಜ್ ಚೀಟಿಯ ಬಗ್ಗೆಯೂ ಯೋಚಿಸಿ. ‘ಸಂಗಾತಿಯಿಂದ ಹಲ್ಲೆ’ ಎಂದು ದಪ್ಪಕ್ಷರದಲ್ಲಿ ಬರೆದ ಚೀಟಿಯನ್ನು ಆತನೇ ಮೊದಲು ಓದುತ್ತಾನೆ. ಪೂರ್ತಿ ವಿವರ ಆಸ್ಪತ್ರೆಯ ದಾಖಲೆಯಲ್ಲಿರಲಿ, ಆಕೆಯ ಮಾತುಗಳನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ‘ಆರೋಪಿಸುತ್ತಾಳೆ’ ಬೇಡ, ‘ಹೇಳುತ್ತಾರೆ’ ಸಾಕು. ಮನೆಗೆ ಒಯ್ಯುವ ಚೀಟಿಯಲ್ಲಿ ಏನಿರಬೇಕು ಎಂದು ಆಕೆಯನ್ನೇ ಕೇಳಿ. ‘ಕತ್ತುನೋವಿನ ಆರೈಕೆ’ ಎಂಬ ತಲೆಬರಹದಡಿ ಇಷ್ಟಿರಲಿ: ಉಸಿರಾಟಕ್ಕೆ ಕಷ್ಟ, ಧ್ವನಿ ಬದಲಾವಣೆ, ನುಂಗಲು ತೊಂದರೆ, ಹಿಂದೆಂದೂ ಇಲ್ಲದ ತಲೆನೋವು, ಮಾತು ತೊದಲುವುದು, ರೆಪ್ಪೆ ಜೋತುಬೀಳುವುದು, ಒಂದು ಕಡೆ ಬಲ ಕುಗ್ಗುವುದು ಕಂಡರೆ ಯಾವ ದಿನವೇ ಆಗಲಿ ತಕ್ಷಣ ವಾಪಸ್ ಬನ್ನಿ. ಮೊದಲ ದಿನ ಒಬ್ಬರೇ ಮಲಗಬೇಡಿ.

ಸಾಕ್ಷ್ಯ_ಕಡತ

ಹೊಸ ಕಾರ್ಯಕರ್ತೆಯವರೇ, ನಿಮ್ಮ ಫೈಲಿನ ಮೊದಲ ಪುಟದಲ್ಲಿ ಇವಿಷ್ಟು ಇರಲಿ, ಬಹಳ ಕಡೆ ಇರುವುದಿಲ್ಲ. ಫೋನ್ ಮಾಡಬಹುದಾದ ದಿನ ಮತ್ತು ಗಂಟೆ. ಸಂದೇಶ ಕಳಿಸಬಹುದೋ ಬಾರದೋ. ಮಾತಾಡುತ್ತಿರುವುದು ಆಕೆಯೇ ಎಂದು ಖಚಿತ ಮಾಡಿಕೊಳ್ಳುವ ಒಂದು ಪ್ರಶ್ನೆ. ಪಕ್ಕದಲ್ಲಿ ಆತ ಇದ್ದಾನೆ ಎಂದು ತಿಳಿಸುವ ಒಂದು ಮಾತು, ‘ರಾಂಗ್ ನಂಬರ್’ ಎಂಬಷ್ಟು ಸಲೀಸಾದದ್ದು. ಎಷ್ಟು ದಿನ ಸುದ್ದಿ ಇಲ್ಲದಿದ್ದರೆ ಪೊಲೀಸರನ್ನು ಮನೆಗೆ ಕಳಿಸಬೇಕು ಎಂಬುದಕ್ಕೆ ಆಕೆಯದೇ ಒಪ್ಪಿಗೆ.

ಬೇರೆಯವರು ಫೋನ್ ಎತ್ತಿದರೆ ತಟ್ಟನೆ ಕಟ್ ಮಾಡಬೇಡಿ, ಹಾಗೆ ಕಟ್ ಆದ ಕರೆಯೇ ವಿಚಾರಣೆಗೆ ದಾರಿ. ಏನು ನೆಪ ಹೇಳಬೇಕು ಎಂದು ಆಕೆಯ ಜೊತೆ ಮೊದಲೇ ಗೊತ್ತುಮಾಡಿಕೊಂಡು, ಅದನ್ನೂ ಆ ಪುಟದಲ್ಲೇ ಬರೆದಿಡಿ. ಪಾಳಿ ಬದಲಾದಾಗ ನಿಮ್ಮ ಜಾಗದಲ್ಲಿ ಕೂರುವವರೂ ಅದೇ ನೆಪ ಹೇಳಬೇಕು.